ಕೆಲಸದ ನಡುವೆ ಅಪ್‌ಡೇಟ್ ಬರದಂತೆ ತಡೆಯೋದು ಹೀಗೆ

ಗದಗದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆಯ ಪ್ರೂಫ್ ನೋಡಲು ಹುಡುಗಿಯ ಕಾಕಾ ಪಕ್ಕದಲ್ಲೇ ಕೂತಿರುತ್ತಾರೆ. "ನಮ್ಮ ಮಾವನ ಹೆಸರು ಮ್ಯಾಲೆ ಬರಬೇಕ್ರಿ!" ಆಗ ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಹೇಗೆ?

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್ ಒತ್ತಿ. ‘ಪಾಝ್ ಅಪ್‌ಡೇಟ್ಸ್’ನಲ್ಲಿ (Pause updates, ಅಂದರೆ ಅಪ್‌ಡೇಟ್ ಸ್ವಲ್ಪ ದಿನ ತಡೆಯೋದು) 5 ವಾರ ಆರಿಸಿ. ಅವಧಿ ಮುಗಿದ ಮೇಲೆ ಬಾಕಿ ಇದ್ದದ್ದನ್ನು ಹಾಕಿಕೊಂಡೇ ಮತ್ತೆ ಮುಂದೂಡಬೇಕು.

ಅಲ್ಲೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ‘ಆಕ್ಟಿವ್ ಅವರ್ಸ್’ ಇದೆ. ಆ ಹೊತ್ತಿನಲ್ಲಿ ತಾನಾಗೇ ರೀಸ್ಟಾರ್ಟ್ ಆಗುವುದಿಲ್ಲ. 18 ಗಂಟೆವರೆಗೆ ಕೊಡಬಹುದು. ನಾನು ಬೆಳಗ್ಗೆ 8ರಿಂದ ರಾತ್ರಿ 1 ಅಂತ ಇಟ್ಟಿದ್ದೇನೆ.

ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಆ ವೈಫೈ ಹೆಸರಿನ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ (ಡೇಟಾಕ್ಕೆ ಮಿತಿ ಇರುವ ಸಂಪರ್ಕ) ಆನ್ ಮಾಡಿ. ಡೇಟಾ ಸುಮ್ನೆ ಖಾಲಿಯಾಗೋದು ತಪ್ಪುತ್ತದೆ.

ಪ್ರೊ ಆವೃತ್ತಿ ಇದ್ದರೆ ಇನ್ನೂ ಗಟ್ಟಿ ದಾರಿ ಉಂಟು. ಸ್ಟಾರ್ಟ್‌ನಲ್ಲಿ ‘ಎಡಿಟ್ ಗ್ರೂಪ್ ಪಾಲಿಸಿ’ ಹುಡುಕಿ. ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್ ದಾಟಿ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ, ಅದರೊಳಗಿನ ‘ಮ್ಯಾನೇಜ್ ಎಂಡ್ ಯೂಸರ್ ಎಕ್ಸ್‌ಪೀರಿಯನ್ಸ್’ ತೆರೆಯಿರಿ. ‘ಕಾನ್ಫಿಗರ್ ಆಟೋಮ್ಯಾಟಿಕ್ ಅಪ್‌ಡೇಟ್ಸ್’ ಅನ್ನು ಎನೇಬಲ್ಡ್ ಮಾಡಿ, 2 ಎಂಬ ಸಂಖ್ಯೆ ಇರುವ ಆಯ್ಕೆ ಕೊಡಿ. ಇನ್ನು ಡೌನ್‌ಲೋಡ್‌ಗೆ ಮೊದಲು ನಿಮ್ಮನ್ನು ಕೇಳುತ್ತದೆ. ಹೋಮ್ ಆವೃತ್ತಿಯಲ್ಲಿ ಇದಿಲ್ಲ.

ಸರ್ವಿಸಸ್‌ಗೆ (ವಿಂಡೋಸ್ ಹಿನ್ನೆಲೆಯಲ್ಲಿ ನಡೆಸುವ ಕೆಲಸಗಳ ಪಟ್ಟಿ) ಹೋಗಿ ಅಪ್‌ಡೇಟನ್ನೇ ಡಿಸೇಬಲ್ ಮಾಡಿ ಅಂತ ಹೇಳುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಅದು ಮತ್ತೆ ಆನ್ ಆಗಬಹುದು. ಮೇಲಾಗಿ ಊರಿನವರ ಪೆನ್‌ಡ್ರೈವ್‌ಗಳೆಲ್ಲ ನಮ್ಮ ಕಂಪ್ಯೂಟರ್‌ಗೇ ಬರೋದು ಅಲ್ವಾ? ಭದ್ರತೆಯ ಅಪ್‌ಡೇಟ್ ಬೇಕೇ ಬೇಕು. ಅಮಾವಾಸ್ಯೆ ದಿನ ಲಗ್ನಪತ್ರಿಕೆಗೆ ಗಿರಾಕಿ ಕಡಿಮೆ. ಅವತ್ತು ಎಲ್ಲ ಹಾಕಿಸಿ, ಪ್ರಿಂಟರ್‌ನಲ್ಲಿ ಒಂದು ಹಾಳೆ ತೆಗೆದು ನೋಡಿ, ಮತ್ತೆ ಪಾಝ್ ಒತ್ತುತ್ತೇನೆ.