ಗಾದಿ ಡೆಸ್ಕಿನ ಹಳಮೆಯನ್ನು ಗುರುತಿಸುವುದು, ಕೆಡದಂತೆ ಕಾಪಾಡುವುದು

ಬೆಳಗಾವಿ ಸೀಮೆಯ ಹಳೆಯ ವಾಡೆಗಳಲ್ಲಿ ಉಳಿದಿರುವ ಬರವಣಿಗೆಯ ಡೆಸ್ಕುಗಳಲ್ಲಿ ಎರಡು ಬಗೆ ಮುಖ್ಯವಾದವು. ಊರಿನ ಲೆಕ್ಕ ಬರೆಯುವ ಕುಲಕರ್ಣಿಗಳೂ ಪೇಟೆಯ ಅಡತಿ ವ್ಯಾಪಾರಿಗಳೂ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕಿರ್ದಿ ಬರೆಯುತ್ತಿದ್ದ, ಇಳಿಜಾರು ಮುಚ್ಚಳದ ಗಿಡ್ಡ ಪೆಟ್ಟಿಗೆ, ಅಂದರೆ ಗಾದಿ ಡೆಸ್ಕು, ಒಂದು. 1818ರಲ್ಲಿ ಕೋಟೆ ಬ್ರಿಟಿಷರ ವಶವಾದ ಮೇಲೆ ಬೆಳೆದ ಕ್ಯಾಂಪ್ ಪ್ರದೇಶಕ್ಕೆ ಸೇನಾಧಿಕಾರಿಗಳೊಂದಿಗೆ ಬಂದ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ ಬಡಿದ, ಭಾಗಗಳಾಗಿ ಬಿಚ್ಚಿ ಬಂಡಿಗೇರಿಸಬಹುದಾದ ಮೇಜು ಇನ್ನೊಂದು. ಮಾರುಕಟ್ಟೆಯಲ್ಲಿ ಎರಡನೆಯದಕ್ಕೆ ಬೇಡಿಕೆ. ನನಗೆ ಮಾತ್ರ ಮೊದಲನೆಯದೇ ಹೆಚ್ಚು ಈ ಮಣ್ಣಿನದೆನಿಸುತ್ತದೆ.

ವಯಸ್ಸನ್ನು ಅಂದಾಜಿಸಲು ಮುಚ್ಚಳದ ಹೊಳಪನ್ನು ನೋಡಬೇಡಿ. ಡ್ರಾಯರನ್ನು ಹೊರಗೆಳೆದು ಬೋರಲು ಹಾಕಿ. ಬಡಿಗ ಕೈಯಿಂದ ಕೊಯ್ದ ಡವ್‌ಟೇಲ್ ಕೀಲುಗಳು (ಮೂಲೆಯಲ್ಲಿ ಹಲಗೆಗಳನ್ನು ಬೆಸೆಯುವ, ಪಾರಿವಾಳದ ಬಾಲದಾಕಾರದ ಹಲ್ಲುಗಳು) ಒಂದರಂತೆ ಒಂದಿರುವುದಿಲ್ಲ, ತಳದ ಹಲಗೆಯ ಮೇಲೆ ಬೆರಳಾಡಿಸಿದರೆ ಹತ್ತರಿಯ ಏರಿಳಿತ ತಿಳಿಯುತ್ತದೆ. ಅಲ್ಲಿ ಕಮಾನಿನಾಕಾರದ ಗೆರೆಗಳಿದ್ದರೆ ಆ ಹಲಗೆಯನ್ನು ಕೊಯ್ದದ್ದು ಯಂತ್ರದ ಚಕ್ರಗರಗಸ. ಪ್ಲೈವುಡ್ ತಳವಾಗಲಿ, ತಲೆಯಲ್ಲಿ ಕೂಡು ಗುರುತಿನಂಥ (+) ಗೆರೆಯಿರುವ ಸ್ಕ್ರೂ ಆಗಲಿ ಕಂಡರೆ ಅದು ಈಚಿನ ದುರಸ್ತಿ ಅಥವಾ ಈಚಿನ ಡೆಸ್ಕೇ ಆಗಿರುತ್ತದೆ, ಏಕೆಂದರೆ ಅಂಥ ಸ್ಕ್ರೂಗಳು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಮಸಿಯ ಕಲೆ ಸವೆತವಿರುವ ಕಡೆಯಲ್ಲೇ, ಅಂದರೆ ಬರೆಯುವವನ ಬಲಗೈ ಊರುವ ಜಾಗದ ಸುತ್ತಮುತ್ತ, ಇದ್ದರೆ ಅದನ್ನು ನಂಬಬಹುದು.

ಡ್ರಾಯರಿನ ಸಂದಿಯಲ್ಲಿ ಮೋಡಿ ಲಿಪಿಯ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಓಡುಬರಹದ, ಕಾಗದ ಸಿಕ್ಕರೆ ರದ್ದಿಗೆ ಹಾಕಬೇಡಿ. ಈ ಭಾಗದ ಜಮೀನಿನ ಲೆಕ್ಕಪತ್ರಗಳಲ್ಲಿ ಎಷ್ಟೋ ಆ ಲಿಪಿಯಲ್ಲೇ ಇವೆ, ಡೆಸ್ಕು ಯಾರದೆಂಬುದನ್ನು ಹೇಳಬಲ್ಲ ಸಾಕ್ಷಿಯೂ ಅದೇ ಆಗಬಹುದು.

ಶುಚಿಗೊಳಿಸುವಾಗ ಸ್ಯಾಂಡ್‌ಪೇಪರನ್ನು ದೂರವಿಡಿ. ಮೊದಲು ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಹಚ್ಚಿದ ಹತ್ತಿಯನ್ನು ಒಮ್ಮೆ ಒತ್ತಿ ನೋಡಿ: ಅಂಟಂಟಾದರೆ ಅದು ಅರಗಿನ ಪಾಲಿಶ್, ಅದರ ಮೇಲೆ ಹೊಸ ವಾರ್ನಿಶ್ ಬಳಿಯದೆ ತೆಳುವಾಗಿ ಜೇನುಮೇಣ ಸವರಿ ಒಣಬಟ್ಟೆಯಿಂದ ಉಜ್ಜಿದರೆ ಸಾಕು. ಹಿತ್ತಾಳೆಯನ್ನು ಹುಣಸೆಹುಳಿಯಿಂದ ತಿಕ್ಕಿದರೆ ಫಳಫಳ ಹೊಳೆಯುತ್ತದೆ ನಿಜ, ಆದರೆ ಹುಳಿನೀರು ಪಕ್ಕದ ಕಟ್ಟಿಗೆಗೆ ಇಳಿದು ಕಲೆಗಟ್ಟುತ್ತದೆ.

ಬೆಳಗಾವಿಯ ಮಳೆಗಾಲದ ತೇವಕ್ಕೆ ಹಲಗೆ ಉಬ್ಬಿ ಡ್ರಾಯರ್ ಬಿಗಿಯುವುದು ಸಹಜ. ಆಗ ಹತ್ತರಿ ಹೊಡೆಸಿದರೆ ಬೇಸಿಗೆಯಲ್ಲಿ ಅದೇ ಡ್ರಾಯರ್ ಸಡಿಲವಾಗಿ ಅಲುಗಾಡುತ್ತದೆ. ಡೆಸ್ಕನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಸರಿಸಿ, ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆಗಳನ್ನಿಟ್ಟು, ದೀಪಾವಳಿಯವರೆಗೆ ಕಾಯಿರಿ.