ತಾರಸಿಯ ಮೇಲೊಂದು ಸೌರ ಗೋಪುರ: ಕಟ್ಟುವ ಕ್ರಮ ಮತ್ತು ಬಾಹ್ಯಾಕಾಶದ ಲೆಕ್ಕ

ಬಚ್ಚಲುಮನೆಯ ಹಂಡೆಯೊಲೆಗೆ ಹೊಗೆಕೊಳವೆ ಕೂರಿಸುತ್ತಿದ್ದ ಹಿರಿಯರಿಗೆ ಸೌರ ಗೋಪುರದ ತತ್ತ್ವ ಗೊತ್ತೇ ಇತ್ತು: ಬಿಸಿಗಾಳಿ ಹಗುರ, ಕೊಳವೆ ಎತ್ತರವಾದಷ್ಟೂ ಎಳೆತ ಹೆಚ್ಚು. ಒಲೆಯ ಜಾಗದಲ್ಲಿ ಬಿಸಿಲಿಗೆ ಕಾಯುವ ನೆಲವನ್ನೂ, ಆ ನೆಲದ ಮೇಲೆ ಗಾಜಿನ ಚಾವಣಿಯನ್ನೂ, ನಡುವೆ ಉದ್ದನೆಯ ಚಿಮಣಿಯನ್ನೂ, ಅದರ ಬುಡದಲ್ಲಿ ಗಾಳಿಯಂತ್ರವನ್ನೂ ಇಟ್ಟರೆ ಸೌರ ಗೋಪುರವಾಗುತ್ತದೆ. ಇಂಥ ಗೋಪುರವನ್ನು ಕಿಲೋಮೀಟರ್‌ಗಟ್ಟಲೆ ಎತ್ತರಕ್ಕೆ ಕಟ್ಟಿದರೆ ಬಾಹ್ಯಾಕಾಶಕ್ಕೆ ಹೋಗುವುದು ಸುಲಭವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡ ಪ್ರಯೋಗಾಲಯ ಬೇಡ. ಬೆಂಗಳೂರಿನ ಒಂದು ತಾರಸಿ, ಎರಡು ದಿನದ ಬಿಡುವು ಮತ್ತು ಪಿ.ಯು.ಸಿ. ಮಟ್ಟದ ಗಣಿತ ಸಾಕು.

ಕಾಲದ ಆಯ್ಕೆ ಮುಖ್ಯ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುವುದರಿಂದ ನೆಲಕ್ಕೆ ಬೀಳುವ ಬಿಸಿಲೂ ನೇರವಾಗಿರುತ್ತದೆ. ಆದರೆ ಮಾವಿನ ಮಳೆಯ ಜೊತೆಗೆ ಬರುವ ಸಂಜೆಯ ಬಿರುಗಾಳಿಯನ್ನು ಮರೆಯಬಾರದು.

ಸಾಮಗ್ರಿ ಹೆಚ್ಚೇನಿಲ್ಲ. ಹತ್ತು ಅಡಿ ಉದ್ದದ, ನಾಲ್ಕು ಇಂಚಿನ ಪಿ.ವಿ.ಸಿ. ಕೊಳವೆಯೊಂದು, ಐದಡಿ ಉದ್ದ ಐದಡಿ ಅಗಲದ ಕಪ್ಪು ಬಣ್ಣ ಬಳಿದ ಪ್ಲೈವುಡ್ ಹಲಗೆ, ಅದಕ್ಕಿಂತ ತುಸು ದೊಡ್ಡದಾದ ಪಾರದರ್ಶಕ ಪಾಲಿಥೀನ್ ಹಾಳೆ, ಬಿದಿರಿನ ಗಳುಗಳು, ಇಟ್ಟಿಗೆ, ಅಂಟುಪಟ್ಟಿ ಮತ್ತು ಹಗ್ಗ ಇಷ್ಟೇ ಬೇಕು. ತಂತಿಯ ತುದಿಯಲ್ಲಿ ಸಂವೇದಕವಿರುವ ಎರಡು ಡಿಜಿಟಲ್ ಉಷ್ಣಮಾಪಕಗಳನ್ನು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಳ್ಳಬಹುದು. ಗಾಳಿಯ ವೇಗ ಅಳೆಯುವ ಪುಟ್ಟ ಉಪಕರಣವೂ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಊದುಬತ್ತಿಯೇ ಗತಿ.

ಕಪ್ಪು ಹಲಗೆಯನ್ನು ತಾರಸಿಯ ನಡುವೆ ಹಾಸಿ, ನಾಲ್ಕು ಅಂಚುಗಳಲ್ಲಿ ಗೇಣಿನಷ್ಟು ಎತ್ತರಕ್ಕೂ ನಡುವಿನಲ್ಲಿ ಒಂದಡಿ ಎತ್ತರಕ್ಕೂ ಬರುವಂತೆ ಪಾಲಿಥೀನ್ ಹಾಳೆಯನ್ನು ಬಿದಿರಿನ ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಬೇಕು. ಅಂಚುಗಳು ತೆರೆದೇ ಇರಬೇಕು, ಏಕೆಂದರೆ ಹೊರಗಿನ ಗಾಳಿ ಒಳಬರುವ ದಾರಿ ಅದೇ. ಹಾಳೆಯ ನಡುವೆ ಕೊಳವೆಯಷ್ಟೇ ಅಗಲದ ರಂಧ್ರ ಕೊರೆದು, ಕೊಳವೆಯ ಬುಡ ಆ ರಂಧ್ರದಿಂದ ಎರಡು ಇಂಚು ಕೆಳಗಿಳಿಯುವಂತೆ ಬಿದಿರಿನ ಮುಕ್ಕಾಲಿಯ ಮೇಲೆ ನಿಲ್ಲಿಸಿ, ಸಂದನ್ನು ಅಂಟುಪಟ್ಟಿಯಿಂದ ಮುಚ್ಚಬೇಕು. ಈ ಸಂದಿನಲ್ಲಿ ಬೆರಳು ತೂರುವಷ್ಟು ಜಾಗ ಉಳಿದರೂ ಎಳೆತ ಕುಗ್ಗುತ್ತದೆ. ಮೊದಲ ಸಲ ಮಾಡುವವರು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ.

ಕೊಳವೆಯನ್ನು ಮೂರು ದಿಕ್ಕಿಗೆ ಹಗ್ಗದಿಂದ ಬಿಗಿಯುವುದನ್ನು ಮಾತ್ರ ಉದಾಸೀನ ಮಾಡಬಾರದು. ಜರ್ಮನಿಯ ಎಂಜಿನಿಯರ್ ಯೋರ್ಗ್ ಶ್ಲೈಶ್ ಅವರ ವಿನ್ಯಾಸದಂತೆ 1982ರಲ್ಲಿ ಸ್ಪೇನಿನ ಮಾನ್ಸಾನಾರೆಸ್ ಎಂಬಲ್ಲಿ ನಿಂತ ಸುಮಾರು 195 ಮೀಟರ್ ಎತ್ತರದ ಗೋಪುರ, 1989ರಲ್ಲಿ ಬಿಗಿತಂತಿಗಳು ತುಕ್ಕು ಹಿಡಿದು ಬಿರುಗಾಳಿಗೆ ಉರುಳಿತು. ನನ್ನ ಮೊದಲ ಕೊಳವೆ ಅಷ್ಟು ದಿನವೂ ನಿಲ್ಲಲಿಲ್ಲ. ಬಿಸಿಲಿಗೆ ನೈಲಾನ್ ಹಗ್ಗ ಸಡಿಲಗೊಂಡು, ಮೂರನೆಯ ಸಂಜೆಯೇ ಪಕ್ಕದ ಮನೆಯ ಸಿಂಟೆಕ್ಸ್ ತೊಟ್ಟಿಗೆ ಒರಗಿತು. ಆ ಬಳಿಕ ಪ್ರತಿ ಸಂಜೆ ಕೊಳವೆಯನ್ನು ಇಳಿಸಿಡುವುದನ್ನು ರೂಢಿಸಿಕೊಂಡೆ.

ಇನ್ನು ಅಳತೆ. ಒಂದು ಉಷ್ಣಮಾಪಕವನ್ನು ಚೌಕಟ್ಟಿನ ಹೊರಗೆ ನೆರಳಿನಲ್ಲಿಯೂ ಇನ್ನೊಂದನ್ನು ಕೊಳವೆಯ ಬುಡದ ಒಳಗೂ ಇಡಬೇಕು. ಸಂವೇದಕದ ಮೇಲೆ ನೇರ ಬಿಸಿಲು ಬಿದ್ದರೆ ಅದು ಗಾಳಿಯ ಉಷ್ಣತೆಯ ಬದಲು ತನ್ನ ಮೈಯ ಕಾವನ್ನೇ ತೋರಿಸುತ್ತದೆ. ಹೊರಗೆ 27 ಡಿಗ್ರಿ, ಒಳಗೆ 47 ಡಿಗ್ರಿ ಇದೆಯೆಂದುಕೊಳ್ಳೋಣ. ಹೊರಗಿನ ಉಷ್ಣತೆಗೆ 273 ಕೂಡಿಸಿದರೆ 300 ಕೆಲ್ವಿನ್. ಒಳಹೊರಗಿನ ವ್ಯತ್ಯಾಸ 20. ಎರಡು, ಗುರುತ್ವದ ವೇಗೋತ್ಕರ್ಷವಾದ 9.81, ಕೊಳವೆಯ ಎತ್ತರವಾದ 3 ಮೀಟರ್ ಮತ್ತು 20 ಇವನ್ನು ಗುಣಿಸಿ 300ರಿಂದ ಭಾಗಿಸಿದರೆ 3.92 ಬರುತ್ತದೆ, ಅದರ ವರ್ಗಮೂಲ ಸುಮಾರು 2. ಅಂದರೆ ಘರ್ಷಣೆಯೇ ಇಲ್ಲದಿದ್ದರೆ ಗಾಳಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಏರಬೇಕು. ಕೊಳವೆಯ ಬುಡದಲ್ಲಿ ಊದುಬತ್ತಿ ಹಿಡಿದು, ಹೊಗೆ ತುದಿಯಲ್ಲಿ ಕಾಣಿಸಿಕೊಳ್ಳುವವರೆಗಿನ ಸಮಯವನ್ನು ಮೊಬೈಲ್ ವಿಡಿಯೋದಲ್ಲಿ ಎಣಿಸಿದರೆ ಸಿಗುವ ವೇಗ ಇದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ, ಮತ್ತು ಆ ಕೊರತೆಯೇ ಘರ್ಷಣೆಯ ಹಾಗೂ ಸೋರಿಕೆಯ ಅಳತೆ. ಮಾನ್ಸಾನಾರೆಸ್‌ನ ಎತ್ತರಕ್ಕೆ ಇದೇ ಸೂತ್ರ ಹಾಕಿದರೆ 16 ಬರುತ್ತದೆ. ಯಂತ್ರದ ಹೊರೆಯಿಲ್ಲದೆ ಅಲ್ಲಿ ಕಂಡ ವೇಗ 15ರ ಹತ್ತಿರವಿತ್ತು. ಅಗಲವಾದ ಚಿಮಣಿಯಲ್ಲಿ ಗೋಡೆಯ ಘರ್ಷಣೆ ಎಷ್ಟು ಕಡಿಮೆಯೆಂಬುದು ಇದರಿಂದ ತಿಳಿಯುತ್ತದೆ.

ಕೊಳವೆಯ ಬಾಯಲ್ಲಿ ಕಾಗದದ ಗಿರಗಿಟ್ಟಲೆ ತಿರುಗುತ್ತದೆ, ಆದರೆ ಬಲ್ಬು ಉರಿಯುವುದಿಲ್ಲ. ಬಿಸಿಗಾಳಿಯ ಶಾಖದಲ್ಲಿ ಎಷ್ಟು ಪಾಲು ಚಲನೆಯಾಗುತ್ತದೆಂಬುದನ್ನು ಚಿಮಣಿಯ ಎತ್ತರವೇ ನಿರ್ಧರಿಸುತ್ತದೆ: 9.81 ಮತ್ತು ಎತ್ತರಗಳ ಗುಣಲಬ್ಧವನ್ನು, 1005 (ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಜೂಲ್‌ಗಳು) ಮತ್ತು ಹೊರಗಿನ ಉಷ್ಣತೆಯಾದ 300ರ ಗುಣಲಬ್ಧದಿಂದ ಭಾಗಿಸಬೇಕು. ಮೂರು ಮೀಟರಿಗೆ ಇದು ಹತ್ತು ಸಾವಿರದಲ್ಲಿ ಒಂದು ಪಾಲು; ಒಂದು ಕಿಲೋಮೀಟರಿಗೆ ನೂರಕ್ಕೆ 3.3. ಗೋಪುರಗಳು ದೈತ್ಯವಾಗಿಯೇ ಇರಬೇಕಾದ ಕಾರಣ ಈ ಭಾಗಾಕಾರದಲ್ಲಿದೆ.

ಈಗ ಬಾಹ್ಯಾಕಾಶದ ಲೆಕ್ಕಕ್ಕೆ ಬರೋಣ. ಗೋಪುರದ ತುದಿಯಿಂದಲೇ ರಾಕೆಟ್ ಹಾರಿಸಿದರೆ ಅಷ್ಟು ದಾರಿ ಉಳಿಯುವುದಿಲ್ಲವೇ ಎಂದು ಮೊದಲು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಂದರೆ ಶ್ರೀಹರಿಕೋಟಾದವರ ದೃಷ್ಟಿಯಲ್ಲಿ ನಾವೆಲ್ಲ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಗೋಪುರದ ತುದಿಯಲ್ಲೇ ಸಂಸಾರ ಮಾಡಿಕೊಂಡಿದ್ದೇವೆ. ಆದರೂ ಇಲ್ಲಿ ತಯಾರಾದ ಉಪಗ್ರಹಗಳು ಘಾಟಿಯಿಳಿದು ಕಡಲ ದಂಡೆಗೇ ಹೋಗುತ್ತವೆ. 400 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಸುತ್ತಲು ಸೆಕೆಂಡಿಗೆ 7.67 ಕಿಲೋಮೀಟರ್ ವೇಗ ಬೇಕು. ಒಂದು ಕಿಲೋಗ್ರಾಂ ವಸ್ತುವಿಗೆ ಆ ವೇಗ ಕೊಡಲು 29.4 ಮೆಗಾಜೂಲ್, ಆ ಎತ್ತರಕ್ಕೆ ಎತ್ತಲು 3.7 ಮೆಗಾಜೂಲ್, ಒಟ್ಟು 33 ಮೆಗಾಜೂಲ್ ಶಕ್ತಿ ಬೇಕು. ಒಂದು ಕಿಲೋಮೀಟರ್ ಗೋಪುರ ಏರಿದರೆ ಇದರಲ್ಲಿ ಉಳಿತಾಯವಾಗುವುದು 0.01 ಮೆಗಾಜೂಲ್ ಮಾತ್ರ. ಗೋಪುರದೊಳಗಿನ ಗಾಳಿಯೇ ರಾಕೆಟ್ಟನ್ನು ನೂಕಲಿ ಎಂದರೆ, 30 ಡಿಗ್ರಿ ವ್ಯತ್ಯಾಸದಲ್ಲಿ ಅದರ ವೇಗ ಸೆಕೆಂಡಿಗೆ 44 ಮೀಟರ್ ಮುಟ್ಟೀತು, ಬೇಕಾದ 7,670 ಮೀಟರಿನ ಎದುರು ಅದು ಲೆಕ್ಕಕ್ಕೇ ಇಲ್ಲ.

ಆದ್ದರಿಂದ ಗೋಪುರವನ್ನು ಏಣಿಯೆಂದು ನೋಡುವುದನ್ನು ಬಿಟ್ಟು ಇಂಧನದ ಕಾರ್ಖಾನೆಯೆಂದು ನೋಡಬೇಕು. ಆ 33 ಮೆಗಾಜೂಲನ್ನು ಮನೆಯ ಕರೆಂಟ್ ಬಿಲ್ಲಿನ ಭಾಷೆಗೆ ತಂದರೆ ಬರೀ 9 ಯೂನಿಟ್ ಚಿಲ್ಲರೆ! ಖರ್ಚು ಇರುವುದು ಆ ಶಕ್ತಿಯನ್ನು ಇಂಧನದ ರೂಪಕ್ಕೆ ತಂದು, ಇಂಧನದ ಜೊತೆ ಇಂಧನವನ್ನೇ ಹೊತ್ತು ಏರುವುದರಲ್ಲಿ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಒಯ್ದ ಎಲ್.ವಿ.ಎಂ.-3 ರಾಕೆಟ್ಟಿನ ಮೇಲಿನ ಹಂತದಲ್ಲಿ ಸುಮಾರು 28 ಟನ್ ದ್ರವ ಆಮ್ಲಜನಕ ಮತ್ತು ದ್ರವ ಜಲಜನಕ ತುಂಬುತ್ತಾರೆ. ಐದು ಪಾಲು ಆಮ್ಲಜನಕಕ್ಕೆ ಒಂದು ಪಾಲು ಜಲಜನಕವೆಂದು ಹಿಡಿದರೆ, ಜಲಜನಕ ನಾಲ್ಕೂವರೆ ಟನ್ನಿಗಿಂತ ತುಸು ಹೆಚ್ಚು. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಒಂದು ಕಿಲೋ ಜಲಜನಕ ಪಡೆಯಲು ಸುಮಾರು 55 ಯೂನಿಟ್, ಅದನ್ನು ಮೈನಸ್ 253 ಡಿಗ್ರಿಗೆ ತಣಿಸಿ ದ್ರವವಾಗಿಸಲು ಇನ್ನೊಂದು 10 ಯೂನಿಟ್ ಹಿಡಿಯಿರಿ. ಒಂದು ಹಂತದ ಜಲಜನಕಕ್ಕೆ ಸುಮಾರು 3 ಲಕ್ಷ ಯೂನಿಟ್ ಆಯಿತು. ಅದೇ ನೀರಿನಿಂದ ಜಲಜನಕದ ಎಂಟು ಪಟ್ಟು ಆಮ್ಲಜನಕವೂ ಸಿಗುವುದರಿಂದ ಅದಕ್ಕೆ ಬೇರೆ ಲೆಕ್ಕ ಬೇಡ. ತಣಿಸುವ ಖರ್ಚಷ್ಟೇ ಸೇರುತ್ತದೆ.

ಮಾನ್ಸಾನಾರೆಸ್‌ನ 50 ಕಿಲೋವ್ಯಾಟ್ ಗೋಪುರ ದಿನಕ್ಕೆ ಎಂಟು ಗಂಟೆ ಪೂರ್ಣ ಶಕ್ತಿಯಿಂದ ದುಡಿದರೂ ಇದಕ್ಕೆ ಎರಡು ವರ್ಷ ಬೇಕು. ಆಸ್ಟ್ರೇಲಿಯಾದಲ್ಲಿ ಯೋಜಿಸಿ ಕಟ್ಟದೇ ಬಿಟ್ಟ, ಒಂದು ಕಿಲೋಮೀಟರ್ ಎತ್ತರದ 200 ಮೆಗಾವ್ಯಾಟ್ ಗೋಪುರಕ್ಕಾದರೆ ಒಂದೂವರೆ ಗಂಟೆ ಸಾಕು.

ಇಲ್ಲಿ ಪಾವಗಡದವರು ನಕ್ಕಾರು. ಅಲ್ಲಿನ 2,050 ಮೆಗಾವ್ಯಾಟ್ ಸೌರಫಲಕಗಳಿಗೆ ಈ ಕೆಲಸ ಮಟಮಟ ಮಧ್ಯಾಹ್ನ ಹತ್ತು ನಿಮಿಷದ್ದು, ಮತ್ತು ಅಷ್ಟೇ ನೆಲದಲ್ಲಿ ಫಲಕ ಕೊಡುವ ವಿದ್ಯುತ್ತು ಗೋಪುರ ಕೊಡುವುದಕ್ಕಿಂತ ಹಲವು ಪಟ್ಟು ಹೆಚ್ಚು. ಹಗಲಿನ ಯೂನಿಟ್ಟುಗಳಷ್ಟೇ ಬೇಕಿದ್ದರೆ ನಾನೂ ಫಲಕವನ್ನೇ ಆರಿಸುತ್ತೇನೆ. ಆದರೆ ಜಲಜನಕವನ್ನು ತಣಿಸುವ ಯಂತ್ರವನ್ನು ಪ್ರತಿ ಸಂಜೆ ನಿಲ್ಲಿಸಿ ಬೆಳಿಗ್ಗೆ ಮತ್ತೆ ಹೊರಡಿಸುವುದು ಲಾಭದ ಮಾತಲ್ಲ. ಗೋಪುರದ ಚಾವಣಿಯ ಕೆಳಗೆ ನೀರು ತುಂಬಿದ ಕಪ್ಪು ಕೊಳವೆಗಳನ್ನು ಹಾಸಿದರೆ, ಹಗಲು ಕುಡಿದ ಶಾಖವನ್ನು ಅವು ರಾತ್ರಿ ಬಿಟ್ಟುಕೊಡುತ್ತವೆ. ಬ್ಯಾಟರಿಯಿಲ್ಲದೆ ಗಾಳಿಯಂತ್ರ ತಿರುಗುತ್ತಲೇ ಇರುತ್ತದೆ. ಗೋಪುರದ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದೊಂದೇ, ಹಾಗಾಗಿ ಇದನ್ನು ಪರೀಕ್ಷಿಸದೆ ಮಾದರಿಯನ್ನು ಕಳಚಬಾರದು.

ಎರಡನೆಯ ದಿನ ಒಂದು ಲೀಟರಿನ ಇಪ್ಪತ್ತು ಬಾಟಲಿಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ, ಬೆಳಿಗ್ಗೆಯೇ ಹಲಗೆಯ ಮೇಲೆ ಮಲಗಿಸಿಡಿ. ಮಧ್ಯಾಹ್ನದ ವೇಗ ಮೊದಲ ದಿನಕ್ಕಿಂತ ಕಡಿಮೆ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಶಾಖ ನೀರಿಗೆ ಹೋಗುತ್ತಿರುತ್ತದೆ. ಆ ದಿನ ಗಾಳಿ ಜೋರಿಲ್ಲದಿದ್ದರೆ ಮಾತ್ರ ಕೊಳವೆಯನ್ನು ಇಳಿಸದೆ ಬಿಟ್ಟು, ರಾತ್ರಿ ಎಂಟಕ್ಕೆ ಊದುಬತ್ತಿ ಹಿಡಿದು ತಾರಸಿಗೆ ಹೋಗಿ, ಹೊಗೆ ಬುಡದಲ್ಲಿ ಸುಳಿದಾಡುತ್ತದೆಯೋ ಕೊಳವೆಯೊಳಗೆ ಏರುತ್ತದೆಯೋ ಬರೆದುಕೊಳ್ಳಿ. ಹತ್ತಕ್ಕೂ ಇನ್ನೊಮ್ಮೆ ನೋಡಿ.