ಕಾಡಿನ ದೂರವನ್ನು ನಡಿಗೆಯ ಗಂಟೆಯಲ್ಲಿ ಅಳೆಯಿರಿ
ಪ್ರಕೃತಿ ಪ್ರವಾಸಕ್ಕೆ ಮುನ್ನ ನಿರ್ಜನ ಪ್ರದೇಶದ ನಕ್ಷೆ ಮಾಡುವ ಕ್ರಮ

ಚಾರಣದ ಹಾದಿಯಾಗಲಿ ತಂಗುದಾಣವಾಗಲಿ ಬರುವ ಮುಂಚೆಯೇ, ಎಲ್ಲಿ ಎಷ್ಟು ವನ್ಯತೆ ಉಳಿದಿದೆ ಎಂಬ ನಕ್ಷೆ ಕೈಯಲ್ಲಿರಬೇಕು. ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಮೊದಲ ದಿನವೇ. ವನ್ಯತೆಯ ಅಂಕವನ್ನೂ ಪ್ರವಾಸಯೋಗ್ಯತೆಯ ಅಂಕವನ್ನೂ ಕೂಡಿಸಿ ಒಂದೇ ನಕ್ಷೆ ಮಾಡಿಬಿಡುತ್ತಾರೆ. ರಸ್ತೆ ಹತ್ತಿರವಿದ್ದರೆ ಒಂದು ಅಂಕ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಕೂಡಿಸಿದರೆ ಎರಡೂ ಒಂದನ್ನೊಂದು ನುಂಗಿ, ನಕ್ಷೆಯ ತುಂಬ ಏನನ್ನೂ ಹೇಳದ ನಡುವಣ ಬಣ್ಣ ಉಳಿಯುತ್ತದೆ. ನಕ್ಷೆ ಎರಡು ಮಾಡಿ, ಕೊನೆಗೆ ಪಕ್ಕಪಕ್ಕ ಇಟ್ಟು ನೋಡಿ.

ವನ್ಯತೆಗೆ ಏನನ್ನು ಅಳೆಯಬೇಕು? 1980ರ ದಶಕದಲ್ಲಿ ಆಸ್ಟ್ರೇಲಿಯಾದ ವನ್ಯಪ್ರದೇಶ ಸಮೀಕ್ಷೆಗೆಂದು ರೂಪಿಸಿದ ನಾಲ್ಕು ಅಳತೆಗಳು ಈಗಲೂ ಗಟ್ಟಿ ಬುನಾದಿ: ಜನವಸತಿಯಿಂದ ದೂರ, ರಸ್ತೆಯಿಂದ ದೂರ, ಕಣ್ಣಿಗೆ ಬೀಳುವ ಕಟ್ಟಡ-ತಂತಿಗಳ ಗೈರು, ಮತ್ತು ಸಸ್ಯ-ಪ್ರಾಣಿ-ಮಣ್ಣಿನ ಸಹಜತೆ.

ಮಾಹಿತಿ ಕೂಡಿಸುವುದು

ಉಚಿತವಾಗಿ ಸಿಗುವ ಮೂರು ಸಾಕು. ಭೂಮಿಯ ಏರಿಳಿತಕ್ಕೆ ಯುರೋಪಿನ ಭೂವೀಕ್ಷಣಾ ಯೋಜನೆಯಾದ ಕೋಪರ್ನಿಕಸ್‌ನ 30 ಮೀಟರ್ ಎತ್ತರದ ಮಾದರಿ, ನೆಲದ ಹೊದಿಕೆಗೆ ಸೆಂಟಿನೆಲ್-2ರ 10 ಮೀಟರ್ ಉಪಗ್ರಹ ಚಿತ್ರ, ರಸ್ತೆ-ಕಟ್ಟಡಗಳಿಗೆ ಜನರೇ ಸೇರಿ ಮಾಡುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. ಕ್ಯುಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಎಲ್ಲವನ್ನೂ ಮೀಟರ್ ಲೆಕ್ಕದ ಯುಟಿಎಂ ನಿರ್ದೇಶಾಂಕ ವ್ಯವಸ್ಥೆಗೆ ಬದಲಿಸಿಕೊಳ್ಳಿ. ಅಕ್ಷಾಂಶ-ರೇಖಾಂಶದಲ್ಲೇ ದೂರ ಅಳೆದರೆ ಲೆಕ್ಕ ತಪ್ಪುತ್ತದೆ: ಉತ್ತರ-ದಕ್ಷಿಣದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಇದ್ದರೆ, ಪೂರ್ವ-ಪಶ್ಚಿಮದ ಒಂದು ಡಿಗ್ರಿ 60ನೇ ಅಕ್ಷಾಂಶದಲ್ಲಿ ಅದರ ಅರ್ಧಕ್ಕೆ ಇಳಿದಿರುತ್ತದೆ.

ಗಡಿಯ ಆಚೆಗೂ 20-25 ಕಿ.ಮೀ. ಮಾಹಿತಿ ತೆಗೆದುಕೊಳ್ಳಿ. ಗಡಿಯಿಂದ 200 ಮೀಟರ್ ಆಚೆ ಹೆದ್ದಾರಿ ಹೋಗಿರಬಹುದು. ಮಾಹಿತಿಯನ್ನು ಗಡಿಗೆ ಸರಿಯಾಗಿ ಕತ್ತರಿಸಿದರೆ ಆ ಅಂಚೇ ಅತಿ ದುರ್ಗಮ ಜಾಗವೆಂದು ನಕ್ಷೆ ತೋರಿಸುತ್ತದೆ.

ರಸ್ತೆಯ ಪದರವನ್ನು ಹಾಗೇ ನಂಬಬೇಡಿ. ಮರ ಸಾಗಿಸುತ್ತಿದ್ದ ಹಳೆ ದಾರಿ ನಕ್ಷೆಯಲ್ಲಿದ್ದು ನೆಲದ ಮೇಲೆ ಪೊದೆ ಬೆಳೆದಿರಬಹುದು, ಹೊಸದಾಗಿ ಕಡಿದ ದಾರಿ ನಕ್ಷೆಗೆ ಬಂದೇ ಇರಲಿಕ್ಕಿಲ್ಲ. ಇತ್ತೀಚಿನ ಉಪಗ್ರಹ ಚಿತ್ರದ ಮೇಲಿಟ್ಟು ಒಂದೊಂದನ್ನೇ ನೋಡಿ. ಬೇಸರದ ಕೆಲಸ ನಿಜ, ಆದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಮೋಟಾರು ದೋಣಿ ಓಡುವ ಜಲಾಶಯವನ್ನೂ ರಸ್ತೆಯೆಂದೇ ಲೆಕ್ಕಿಸಬೇಕು.

ನಡಿಗೆಯ ಲೆಕ್ಕ

ರಸ್ತೆಯಿಂದ 3 ಕಿ.ಮೀ. ಎಂದರೆ ಬಯಲಲ್ಲಿ ಒಂದು ಅರ್ಥ, ಕಣಿವೆಯಲ್ಲಿ ಇನ್ನೊಂದು. ಹಾಗಾಗಿ ದೂರವನ್ನು ನಡಿಗೆಯ ಸಮಯಕ್ಕೆ ತಿರುಗಿಸಬೇಕು. ಇದಕ್ಕೆ ಭೂಗೋಳಶಾಸ್ತ್ರಜ್ಞ ವಾಲ್ಡೋ ಟೋಬ್ಲರ್ 1993ರಲ್ಲಿ ಕೊಟ್ಟ ಸೂತ್ರ ಬಳಕೆಯಲ್ಲಿದೆ. ಅದರ ಪ್ರಕಾರ ಸಮತಟ್ಟಿನಲ್ಲಿ ವೇಗ ಗಂಟೆಗೆ ಸುಮಾರು 5 ಕಿ.ಮೀ., ಶೇ 20ರ ಏರಿನಲ್ಲಿ 2.5, ಅದೇ ಇಳಿಜಾರನ್ನು ಇಳಿಯುವಾಗ 3.5. ಕಾಲುದಾರಿ ಇಲ್ಲದಿದ್ದರೆ ಇವನ್ನು 0.6ರಿಂದ ಗುಣಿಸಬೇಕು. 3 ಕಿ.ಮೀ.ಯಲ್ಲಿ 600 ಮೀಟರ್ ಏರುವ, ದಾರಿಯಿಲ್ಲದ ಗುಡ್ಡ ಎಂದಿಟ್ಟುಕೊಳ್ಳಿ. ಹತ್ತಲು ಎರಡು ಗಂಟೆ, ಇಳಿಯಲು ಒಂದೂಕಾಲು ಗಂಟೆ ದಾಟಿ ಒಂದೂವರೆಯ ಹತ್ತಿರ. ಬಯಲಿನ ದಾರಿಯಲ್ಲಿ ಇಷ್ಟೇ ದೂರಕ್ಕೆ ಬರೀ 36 ನಿಮಿಷ. ಪೊದೆ, ಜೌಗು, ಬಂಡೆಗಳಿಗೆ ಈ ಸೂತ್ರದಲ್ಲಿ ಜಾಗವಿಲ್ಲ. ಅವಕ್ಕೆ ಬೇರೆ ಗುಣಕ ಕೊಡಬೇಕು, ಆ ಗುಣಕ ಸಿಗುವುದು ನಡೆದು ನೋಡಿದಾಗಲೇ.

ಇಲ್ಲಿ ಎರಡು ಕಡೆ ಲೆಕ್ಕ ಕೈಕೊಡುತ್ತದೆ. ಒಂದು, ದಾಟಲಾಗದ ಹೊಳೆ. ತಂತ್ರಾಂಶ ನೆಲವನ್ನು 30 ಮೀಟರಿನ ಚೌಕಗಳಾಗಿ ನೋಡುತ್ತದೆ. ಒಂದೇ ಚೌಕದಷ್ಟು ಅಗಲದ ಗೆರೆಯಾಗಿ ಹೊಳೆಯನ್ನು ಎಳೆದರೆ, ಗೆರೆ ಓರೆಯಾಗಿ ಹೋದಲ್ಲಿ ಚೌಕಗಳು ಮೂಲೆಗೆ ಮೂಲೆ ತಾಗಿರುತ್ತವೆ. ತಂತ್ರಾಂಶ ಆ ಮೂಲೆಯಲ್ಲಿ ನುಸುಳಿ ಆಚೆ ದಡ ಸೇರಿಬಿಡುತ್ತದೆ. ಹೊಳೆಯನ್ನು ಎರಡು-ಮೂರು ಚೌಕದಷ್ಟು ದಪ್ಪ ಮಾಡಿ, ಸೇತುವೆ ಇರುವಲ್ಲಿ ಮಾತ್ರ ಬಿಡುವು ಕೊಡಿ. ಮಳೆಗಾಲಕ್ಕೂ ಬೇಸಿಗೆಗೂ ಬೇರೆ ನಕ್ಷೆ ಬೇಕಾಗುವುದೂ ಈ ಹೊಳೆಗಳಿಂದಲೇ.

ಇನ್ನೊಂದು, ಮರದ ನೆತ್ತಿ. ಕೋಪರ್ನಿಕಸ್ ಮಾದರಿ ನೆಲದ ಎತ್ತರವನ್ನಲ್ಲ, ಮೇಲ್ಮೈಯ ಎತ್ತರವನ್ನು ಕೊಡುತ್ತದೆ. ಹುಲ್ಲುಗಾವಲು ಮುಗಿದು 25 ಮೀಟರ್ ಎತ್ತರದ ಮರಗಳು ಶುರುವಾಗುವಲ್ಲಿ ಒಂದೇ ಚೌಕದೊಳಗೆ ಶೇ 80 ದಾಟಿದ ಸುಳ್ಳು ಕಡಿದಾದ ಗೋಡೆ ಏಳಬಹುದು. ಕಾಡಿನಂಚಿನ ಉದ್ದಕ್ಕೂ ಇಂಥ ಗೋಡೆ ಕಂಡರೆ ಮರದ ಎತ್ತರ ಕಳೆದ ಮಾದರಿಯನ್ನು ಬಳಸಿ.

ಏನು ಕಾಣುತ್ತದೆ

ಗೋಪುರ, ವಿದ್ಯುತ್ ತಂತಿ, ಗಾಳಿಯಂತ್ರಗಳಿಗೆ ನೋಟದ ವಿಶ್ಲೇಷಣೆ, ಅಂದರೆ ಅವು ಎಲ್ಲೆಲ್ಲಿಂದ ಕಾಣುತ್ತವೆ ಎಂಬ ಲೆಕ್ಕ, ಮಾಡಿ. ನೋಡುವವರ ಕಣ್ಣಿನ ಎತ್ತರ 1.6 ಮೀಟರ್ ಇಡಿ, ಗೋಪುರಕ್ಕೆ ಅದರ ನಿಜ ಎತ್ತರ ಕೊಡಿ. ಭೂಮಿಯ ಬಾಗನ್ನು ಲೆಕ್ಕಿಸುವ ಆಯ್ಕೆ ಒತ್ತಲು ಮರೆಯಬೇಡಿ, 10 ಕಿ.ಮೀ.ಗೆ ಸುಮಾರು 8 ಮೀಟರ್, 20 ಕಿ.ಮೀ.ಗೆ 31 ಮೀಟರ್ ಮರೆಯಾಗುತ್ತದೆ, ಗಾಳಿಯಲ್ಲಿ ಬೆಳಕು ಬಾಗುವುದರಿಂದ ತುಸು ಕಡಿಮೆ. ದಟ್ಟ ಕಾಡಿನೊಳಗೆ ಈ ನಕ್ಷೆ ದಾರಿ ತಪ್ಪಿಸುತ್ತದೆ. ತಂತ್ರಾಂಶ ನೋಡುಗರನ್ನು ಮರದ ತುದಿಯಲ್ಲಿ ನಿಲ್ಲಿಸಿರುತ್ತದೆ, ಅಲ್ಲಿಂದ ಎಲ್ಲವೂ ಕಾಣುತ್ತದೆ.

ಅಂಕ, ತೂಕ, ಕ್ಷೇತ್ರ ಭೇಟಿ

ನಾಲ್ಕೂ ಅಳತೆಗಳನ್ನು 0-5ರ ಅಂಕಕ್ಕೆ ತಂದು ಕೂಡಿಸಿ. ಯಾವುದಕ್ಕೆ ಎಷ್ಟು ತೂಕ ಎಂಬುದು ವಿಜ್ಞಾನವಲ್ಲ, ತೀರ್ಮಾನ, ಅದನ್ನು ಬರೆದಿಡಿ. ತೂಕವನ್ನು ಹತ್ತಿಪ್ಪತ್ತು ಪ್ರತಿಶತ ಆಚೀಚೆ ಮಾಡಿ ಮತ್ತೆ ಓಡಿಸಿದಾಗ ಮೇಲಿನ ಸಾಲಿನ ಜಾಗಗಳು ಬದಲಾದರೆ, ಅವುಗಳ ನಡುವಿನ ವ್ಯತ್ಯಾಸ ನಂಬತಕ್ಕದ್ದಲ್ಲ. ಸಣ್ಣ ತುಣುಕುಗಳನ್ನು ಕೈಬಿಡಲು ಒಂದು ಮಿತಿ ಬೇಕು. ಅಮೆರಿಕದ 1964ರ ವನ್ಯಪ್ರದೇಶ ಕಾಯ್ದೆ 5,000 ಎಕರೆ ಎನ್ನುತ್ತದೆ, ದ್ವೀಪದಂಥ ವಿನಾಯಿತಿಗಳೂ ಉಂಟು.

ಆಮೇಲೆ ಬೂಟು ತೊಡಿ. ಪ್ರತಿ ಅಂಕದ ವರ್ಗದಿಂದಲೂ ಕಣ್ಣುಮುಚ್ಚಿ ಆರಿಸಿದ ಐದಾರು ಬಿಂದುಗಳಿಗೆ ಹೋಗಿ. ನಾಲ್ಕು ದಿಕ್ಕಿಗೂ ಫೋಟೊ, ಹತ್ತು ನಿಮಿಷದಲ್ಲಿ ಕೇಳಿದ ಯಂತ್ರದ ಸದ್ದು, ತಲುಪಲು ನಿಜಕ್ಕೂ ಹಿಡಿದ ಸಮಯ, ಇಷ್ಟು ದಾಖಲಿಸಿ. ಸುಲಭವಾಗಿ ಸಿಗುವ ಬಿಂದುಗಳನ್ನಷ್ಟೇ ನೋಡಿ ಬರುವ ಆಸೆ ಎಲ್ಲರಿಗೂ ಆಗುತ್ತದೆ, ನಕ್ಷೆಯ ತಪ್ಪುಗಳಿರುವುದು ಮಾತ್ರ ಉಳಿದವುಗಳಲ್ಲಿ.

ಈ ಭೂಮಿಯಲ್ಲಿ ಮೊದಲಿನಿಂದ ಬದುಕಿದವರನ್ನು ಕೇಳದೆ ಯಾವ ಜಾಗಕ್ಕೂ ನಿರ್ಜನ ಎಂಬ ಬಣ್ಣ ಹಚ್ಚಬೇಡಿ. ಮೇವಿನ ದಾರಿ, ಪೂಜೆಯ ಜಾಗ ಉಪಗ್ರಹಕ್ಕೆ ಕಾಣುವುದಿಲ್ಲ.

ಎರಡನೆಯ ನಕ್ಷೆ

ಪ್ರವಾಸದ ನಕ್ಷೆಯಲ್ಲಿ ನೋಟದ ತಾಣ, ನೀರು, ಹಾದಿಯ ಇಳಿಜಾರು, ರಕ್ಷಣಾ ತಂಡ ತಲುಪುವ ಸಮಯ ಬರುತ್ತವೆ. ಹಾದಿಯ ಸರಾಸರಿ ಏರು ಶೇ 10ರೊಳಗಿರಲಿ; ಗುಡ್ಡದ ಪಕ್ಕದ ಇಳಿಜಾರಿನ ಅರ್ಧ ದಾಟಿದರೆ ಮಳೆನೀರು ಹಾದಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಬಿಡಾರ ನೀರಿನಿಂದ 60 ಮೀಟರ್ ದೂರವಿರಲಿ. ಗೂಡು, ಮರಿ ಹಾಕುವ ತಾಣಗಳನ್ನು ಒಳಗಿನ ಬಳಕೆಯ ನಕ್ಷೆಯಲ್ಲಷ್ಟೇ ಇಡಿ, ಪ್ರಕಟಣೆಗೆ ಬೇಡ.

ಕೊನೆಗೆ, ಯೋಜಿಸಿದ ಹಾದಿ-ಕಟ್ಟಡಗಳನ್ನು ಈಗಾಗಲೇ ಇರುವಂತೆ ಮೊದಲ ನಕ್ಷೆಗೆ ಸೇರಿಸಿ ಲೆಕ್ಕವನ್ನು ಮತ್ತೊಮ್ಮೆ ಓಡಿಸಿ. ಹಾದಿ ಬಂದ ಕಡೆ 0.6ರ ಗುಣಕ ಹೋಗುತ್ತದೆ, ತಂಗುದಾಣ ಬೆಟ್ಟದ ಬೆನ್ನ ಮೇಲಿದ್ದರೆ ಎರಡು ಕಣಿವೆಗಳಿಂದ ಕಾಣುತ್ತದೆ. ಮೇಲಿನ ವರ್ಗದಲ್ಲಿ ಕಳೆದುಹೋದ ಹೆಕ್ಟೇರುಗಳನ್ನು ಎಣಿಸಿ, ತಂಗುದಾಣವನ್ನು ನಾಲ್ಕು ನೂರು ಮೀಟರ್ ಕೆಳಗೆ ಸರಿಸಿ ಮತ್ತೆ ಎಣಿಸಿ. ಎರಡೂ ಸಂಖ್ಯೆಗಳನ್ನು ವರದಿಯ ಮೊದಲ ಪುಟದಲ್ಲೇ ಹಾಕಿ.